ಬೆಂಕಿಗೆ ಮುಚ್ಚಬೇಕು, ಕೈಗೆ ತೆರೆಯಬೇಕು: ಡೋರ್ ಕ್ಲೋಸರ್ ಆಯ್ಕೆ ಹೇಗೆ?

ಮುನಿರಾಬಾದ್: ಇಲ್ಲಿನ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದದ್ದು ರಾಜ್ಯದ ಜನತೆಗೆ ನೆನಪಿರಬಹುದು. 33 ಗೇಟುಗಳ ಪೈಕಿ ಒಂದರ ಸರಪಳಿ ತುಂಡಾದದ್ದೇ ಆ ಅವಘಡಕ್ಕೆ ಕಾರಣ. ತುಂಬಿದ್ದ ಜಲಾಶಯದ ನೀರು ದಿನಗಟ್ಟಲೆ ನದಿಗೆ ಹರಿದುಹೋಯಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟ್ ಅಳವಡಿಸುವ ಸಾಹಸ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ನಡೆದು, ಸುಮಾರು ಒಂದು ವಾರದಲ್ಲಿ ಪೂರ್ಣಗೊಂಡಿತು. ಬಾಗಿಲು ಎಷ್ಟೇ ಗಟ್ಟಿಯಾಗಿರಲಿ, ಅದನ್ನು ನಡೆಸುವ ಚಿಕ್ಕ ಸಾಧನ ಕೈಕೊಟ್ಟರೆ ಬಾಗಿಲು ಇದ್ದೂ ಇಲ್ಲದಂತೆ ಎಂಬುದನ್ನು ಆ ರಾತ್ರಿ ತೋರಿಸಿತು.

ನಗರಗಳ ಬಹುಮಹಡಿ ಕಟ್ಟಡಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ತಡೆಯಬೇಕಾದದ್ದು ನೀರನ್ನಲ್ಲ, ಹೊಗೆಯನ್ನು. ತಡೆಯುವುದು ಮೆಟ್ಟಿಲು ಹಾಗೂ ಮೊಗಸಾಲೆಯ ಬೆಂಕಿ ನಿರೋಧಕ ಬಾಗಿಲು. ಅದನ್ನು ನಡೆಸುವುದು ಕದದ ಮೇಲ್ತುದಿಯಲ್ಲಿ ಲೋಹದ ತೋಳು ಚಾಚಿ ಕುಳಿತಿರುವ ಡೋರ್ ಕ್ಲೋಸರ್. ಕಟ್ಟಡ ನಿರ್ಮಾಣದ ಕೊನೆಯ ಹಂತದಲ್ಲಿ, ಚಿಲಕ, ಹಿಡಿಕೆಗಳ ಜೊತೆಗೆ, ಅಂಗಡಿಯವರು ಕೊಟ್ಟದ್ದನ್ನೇ ತಂದು ಕೂರಿಸುವ ಸಾಧನವಿದು. ಆದರೆ ಇದರ ಆಯ್ಕೆಯಲ್ಲಿ ಎರಡು ಪ್ರಶ್ನೆಗಳಿವೆ. ಬೆಂಕಿ ಬಿದ್ದಾಗ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆಯೇ? ಗಾಲಿಕುರ್ಚಿಯಲ್ಲಿರುವವರು, ವೃದ್ಧರು, ಬಸುರಿಯರು ಅದನ್ನು ತಾವಾಗಿಯೇ ತೆರೆಯಬಲ್ಲರೇ?

ಇವೆರಡೂ ಪರಸ್ಪರ ವಿರುದ್ಧವೆಂಬಂತೆ ಕಾಣುತ್ತವೆ. ಬಲವಾಗಿ ಮುಚ್ಚಲು ಬಲವಾದ ಸ್ಪ್ರಿಂಗ್ ಬೇಕು. ಸುಲಭವಾಗಿ ತೆರೆಯಲು ಮೆದುವಾದ ಸ್ಪ್ರಿಂಗ್ ಬೇಕು. ಆದರೆ ವಾಸ್ತವದಲ್ಲಿ ಎರಡನ್ನೂ ಒಟ್ಟಿಗೆ ಸಾಧಿಸದಿದ್ದರೆ ಒಂದೂ ದಕ್ಕುವುದಿಲ್ಲ. ತೆರೆಯಲು ಕಷ್ಟವಾದ ಬಾಗಿಲಿಗೆ ಜನರು ಇಟ್ಟಿಗೆ ಅಡ್ಡವಿಡುತ್ತಾರೆ. ಇಟ್ಟಿಗೆ ಇಟ್ಟ ಬಾಗಿಲು ಬೆಂಕಿಯನ್ನಾಗಲೀ ಹೊಗೆಯನ್ನಾಗಲೀ ತಡೆಯದು.

ಬೆಂಕಿಗಿಂತ ಹೊಗೆ ಘೋರ

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಸಂಭವಿಸಿದ ದುರಂತದಲ್ಲಿ 9 ಮಂದಿ ಅಸುನೀಗಿದರು. ವಿದ್ಯುತ್ ತಂತಿಗಳು ಸಾಗುವ ಕೊಳವೆ ಮಾರ್ಗದಲ್ಲಿ ಹುಟ್ಟಿದ ಬೆಂಕಿಗಿಂತ, ಅದರಿಂದೆದ್ದು ಮಹಡಿಗಳನ್ನೂ ಮೆಟ್ಟಿಲನ್ನೂ ತುಂಬಿದ ದಟ್ಟ ಹೊಗೆಯೇ ಜನರನ್ನು ಕಂಗೆಡಿಸಿತು. ಉಸಿರಾಡಲಾಗದೆ ಕೆಲವರು ಕಿಟಕಿಗಳಿಂದ ಕೆಳಕ್ಕೆ ಜಿಗಿದರು. ತುರ್ತು ನಿರ್ಗಮನ ದ್ವಾರಗಳಿಗೆ ಬೀಗ ಹಾಕಲಾಗಿತ್ತೆಂಬುದು ಆಗ ವ್ಯಾಪಕವಾಗಿ ವರದಿಯಾಯಿತು. ಸಂತ್ರಸ್ತರ ಕುಟುಂಬಗಳು ಮತ್ತು ಸ್ನೇಹಿತರು ಸೇರಿ ಕಟ್ಟಿದ ‘ಬಿಯಾಂಡ್ ಕಾರ್ಲ್‌ಟನ್’ ಸಂಸ್ಥೆ ಅಗ್ನಿ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸುವ ಕೆಲಸದಲ್ಲಿ ತೊಡಗಿತು.

ಬಾಗಿಲು ಮುಚ್ಚಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೇರ ಉದಾಹರಣೆ ಅಮೆರಿಕದಲ್ಲಿದೆ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಪ್ರದೇಶದ 19 ಅಂತಸ್ತಿನ ವಸತಿ ಸಮುಚ್ಚಯವೊಂದರಲ್ಲಿ 2022ರ ಜನವರಿ 9ರಂದು ವಿದ್ಯುತ್ ಹೀಟರಿನಿಂದ ಬೆಂಕಿ ಹೊತ್ತಿಕೊಂಡಿತು. ಜ್ವಾಲೆ ಒಂದು ಮನೆ ಮತ್ತು ಅದರ ಮುಂದಿನ ಮೊಗಸಾಲೆಯನ್ನು ದಾಟಿ ಹೆಚ್ಚು ಹಬ್ಬಲಿಲ್ಲ. ಆದರೆ ನಿವಾಸಿಗಳು ಹೊರಗೋಡಿದ ಬಳಿಕ ಮನೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳಲಿಲ್ಲ. ಮೇಲಿನ ಅಂತಸ್ತೊಂದರಲ್ಲಿ ಮೆಟ್ಟಿಲಿನ ಬಾಗಿಲೂ ತೆರೆದೇ ಇತ್ತು. ಹೊಗೆ ಇಡೀ ಕಟ್ಟಡವನ್ನು ಆವರಿಸಿತು. 8 ಮಕ್ಕಳೂ ಸೇರಿ 17 ಮಂದಿ ಪ್ರಾಣ ಕಳೆದುಕೊಂಡರು. ಕಟ್ಟಡಕ್ಕೆ ಸ್ವಯಂ ಮುಚ್ಚುವ ಬಾಗಿಲುಗಳಿದ್ದವು. ಬೇಕಾದ ಹೊತ್ತಿಗೆ ಅವು ಮುಚ್ಚಲಿಲ್ಲ.

ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು 72 ಮಂದಿಯನ್ನು ಬಲಿ ತೆಗೆದುಕೊಂಡ ಬೆಂಕಿಗೆ ಹೊರಗೋಡೆಯ ಹೊದಿಕೆ ಮುಖ್ಯ ಕಾರಣ. ಆದರೆ 2019ರಲ್ಲಿ ಪ್ರಕಟವಾದ ವಿಚಾರಣಾ ಆಯೋಗದ ಮೊದಲ ವರದಿ ಬಾಗಿಲುಗಳತ್ತಲೂ ಬೆರಳು ತೋರಿಸಿತು. ಅನೇಕ ಮನೆಗಳ ಬಾಗಿಲಿನಲ್ಲಿ ಕ್ಲೋಸರ್ ಇರಲಿಲ್ಲ, ಇಲ್ಲವೇ ಕೆಟ್ಟಿತ್ತು. ಹೊಗೆ ಮೊಗಸಾಲೆಗೆ ನುಗ್ಗಲು ಇದೂ ದಾರಿಯಾಯಿತು. ಮೂರು ತಿಂಗಳಿಗೊಮ್ಮೆಯಾದರೂ ಕ್ಲೋಸರ್‌ಗಳನ್ನು ಪರಿಶೀಲಿಸಬೇಕೆಂದು ಆಯೋಗ ಶಿಫಾರಸು ಮಾಡಿತು. ಆ ಕಟ್ಟಡದಲ್ಲಿದ್ದ 37 ವಿಕಲಚೇತನರಲ್ಲಿ 15 ಮಂದಿ ಬದುಕುಳಿಯಲಿಲ್ಲ. ಅಗ್ನಿ ಸುರಕ್ಷತೆ ಮತ್ತು ವಿಕಲಚೇತನರ ಅನುಕೂಲ ಬೇರೆ ಬೇರೆ ವಿಷಯಗಳಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕ್ಲೋಸರ್ ಕೆಲಸ ಮಾಡುವ ಬಗೆ

ಕ್ಲೋಸರಿನ ಡಬ್ಬಿಯೊಳಗೆ ಒಂದು ಗಟ್ಟಿ ಸ್ಪ್ರಿಂಗ್, ಒಂದು ಪಿಸ್ಟನ್ ಹಾಗೂ ಎಣ್ಣೆ ಇರುತ್ತವೆ. ಬಾಗಿಲನ್ನು ತೆರೆದಾಗ ತೋಳು ತಿರುಗಿ ಸ್ಪ್ರಿಂಗನ್ನು ಅದುಮುತ್ತದೆ. ತೆರೆಯುವವರು ವ್ಯಯಿಸಿದ ಶಕ್ತಿಯೇ ಸ್ಪ್ರಿಂಗಿನಲ್ಲಿ ಶೇಖರವಾಗುತ್ತದೆ. ಕೈಬಿಟ್ಟೊಡನೆ ಸ್ಪ್ರಿಂಗ್ ಬಾಗಿಲನ್ನು ಹಿಂದಕ್ಕೆ ತಳ್ಳುತ್ತದೆ. ಅದು ದಡಾರನೆ ಬಡಿಯದಂತೆ, ಎಣ್ಣೆ ಸಣ್ಣ ರಂಧ್ರಗಳ ಮೂಲಕ ನಿಧಾನವಾಗಿ ಹರಿದು ವೇಗವನ್ನು ಹತೋಟಿಯಲ್ಲಿಡುತ್ತದೆ. ವಿದ್ಯುತ್ತಿನ ಹಂಗಿಲ್ಲದೆ ನಡೆಯುವುದೇ ಇದರ ದೊಡ್ಡ ಗುಣ.

ಡಬ್ಬಿಯ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂಗಳಿರುತ್ತವೆ. ಒಂದು, ಬಾಗಿಲು ಮುಚ್ಚುತ್ತ ಬರುವ ವೇಗಕ್ಕೆ. ಇನ್ನೊಂದು, ಚಿಲಕ ಕಚ್ಚಿಕೊಳ್ಳುವ ಕೊನೆಯ ಕೆಲವು ಡಿಗ್ರಿಗಳ ವೇಗಕ್ಕೆ. ಎರಡನೆಯದು ಸರಿಯಿಲ್ಲದಿದ್ದರೆ ಬಾಗಿಲು ಚೌಕಟ್ಟಿನ ಬಳಿ ಬಂದು ಬೆರಳಗಲ ತೆರೆದೇ ನಿಲ್ಲುತ್ತದೆ. ನೋಡುವವರಿಗೆ ಮುಚ್ಚಿದಂತೆಯೇ ಕಾಣುತ್ತದೆ. ಬೆಂಕಿಯ ಒತ್ತಡಕ್ಕೆ ತೆರೆದುಕೊಳ್ಳುತ್ತದೆ. ಉತ್ತಮ ಕ್ಲೋಸರ್‌ಗಳಲ್ಲಿ ಇನ್ನೂ ಎರಡು ಸೌಲಭ್ಯಗಳಿರುತ್ತವೆ. ಗಾಳಿಗೆ ಕದ ಹಾರಿ ಗೋಡೆಗೆ ಬಡಿಯದಂತೆ ತಡೆಯುವುದು ಒಂದು; ಪೂರ್ತಿ ತೆರೆದ ಬಾಗಿಲು ಕೆಲವು ಸೆಕೆಂಡು ತಡೆದು ಮುಚ್ಚುವಂತೆ ಮಾಡುವುದು ಮತ್ತೊಂದು.

ಕಾನೂನು ಏನನ್ನುತ್ತದೆ?

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಅಗ್ನಿ ಮತ್ತು ಜೀವ ಸುರಕ್ಷತೆಗೆ ಮೀಸಲು. ನಿರ್ಗಮನ ಮೆಟ್ಟಿಲುಗಳ ಬೆಂಕಿ ನಿರೋಧಕ ಬಾಗಿಲು 120 ನಿಮಿಷ ಬೆಂಕಿಯನ್ನು ತಾಳಬೇಕು ಮತ್ತು ತಾನಾಗಿಯೇ ಮುಚ್ಚಿಕೊಳ್ಳಬೇಕು ಎಂಬುದು ಅದರ ಆಶಯ. ನಿರ್ಗಮನ ದ್ವಾರದ ಅಗಲ 1 ಮೀಟರಿಗೆ ಕಡಿಮೆ ಇರಕೂಡದು. ಒಳಗಿನಿಂದ ಬೀಗದ ಕೈ ಇಲ್ಲದೆಯೇ ತೆರೆಯುವಂತಿರಬೇಕು. ಕ್ಲೋಸರ್‌ಗಳಿಗೆ ಐಎಸ್ 3564, ನೆಲದಲ್ಲಿ ಹೂಳುವ ಫ್ಲೋರ್ ಸ್ಪ್ರಿಂಗ್‌ಗಳಿಗೆ ಐಎಸ್ 6315, ಬೆಂಕಿ ನಿರೋಧಕ ಬಾಗಿಲುಗಳಿಗೆ ಐಎಸ್ 3614 ಎಂಬ ಭಾರತೀಯ ಮಾನಕಗಳಿವೆ.

ಇನ್ನೊಂದೆಡೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಸುಗಮ್ಯತೆಯ ನಿಯಮಗಳನ್ನು ಪಾಲಿಸದ ಕಟ್ಟಡಕ್ಕೆ ಪೂರ್ಣತಾ ಪ್ರಮಾಣಪತ್ರ ನೀಡಕೂಡದೆಂದು ಅದರ 44ನೇ ಸೆಕ್ಷನ್ ಹೇಳುತ್ತದೆ. ಕೇಂದ್ರ ಸರ್ಕಾರದ 2021ರ ಸಮನ್ವಯ ಮಾರ್ಗಸೂಚಿಗಳು ಬಾಗಿಲಿನ ತೆರಪು ಕನಿಷ್ಠ 900 ಮಿಲಿಮೀಟರ್ ಇರಬೇಕೆನ್ನುತ್ತವೆ. ಇಂಥ ಮಾನದಂಡಗಳು ಬರಿಯ ಸಲಹೆಯ ರೂಪದಲ್ಲಿ ಉಳಿದರೆ ಸಾಲದು, ಕಡ್ಡಾಯ ನಿಯಮಗಳೇ ಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ತೀರ್ಪಿತ್ತಿದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ವಯೋವೃದ್ಧರನ್ನೂ, ಕೈಮುರಿತ ಮೊಣಕಾಲುನೋವಿನವರನ್ನೂ ಸೇರಿಸಿದರೆ ಹಗುರ ಬಾಗಿಲು ಬೇಕಾದವರ ಸಂಖ್ಯೆ ಇನ್ನೂ ದೊಡ್ಡದು.

ಅಂಕಿಗಳಲ್ಲಿ ಅಡಗಿದ ತಿಕ್ಕಾಟ

ಕ್ಲೋಸರ್‌ಗಳ ಬಲವನ್ನು ಅಳೆಯಲು ಯುರೋಪಿನ ಇಎನ್ 1154 ಮಾನಕ 1ರಿಂದ 7ರವರೆಗೆ ಸಂಖ್ಯೆ ನೀಡುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ಸಿಗುವ ಅನೇಕ ಕ್ಲೋಸರ್‌ಗಳ ಡಬ್ಬಿಯ ಮೇಲೂ ಈ ಸಂಖ್ಯೆಗಳೇ ಇರುತ್ತವೆ. 2ನೇ ಸಂಖ್ಯೆಯದು 850 ಮಿ.ಮೀ. ಅಗಲ ಹಾಗೂ 40 ಕಿಲೋ ತೂಕದ ಕದಕ್ಕೆ, 3ನೆಯದು 950 ಮಿ.ಮೀ. ಹಾಗೂ 60 ಕಿಲೋಗೆ, 4ನೆಯದು 1100 ಮಿ.ಮೀ. ಹಾಗೂ 80 ಕಿಲೋಗೆ, 5ನೆಯದು 1250 ಮಿ.ಮೀ. ಹಾಗೂ 100 ಕಿಲೋಗೆ ಹೊಂದುತ್ತದೆ. ಅಗಲ, ತೂಕ ಎರಡರಲ್ಲಿ ಯಾವುದು ಹೆಚ್ಚಿನ ಸಂಖ್ಯೆಯನ್ನು ಕೇಳುತ್ತದೋ ಅದನ್ನೇ ಆರಿಸಬೇಕು. ಬೆಂಕಿ ನಿರೋಧಕ ಬಾಗಿಲಿಗೆ 3ಕ್ಕಿಂತ ಕಡಿಮೆ ಬಲದ ಕ್ಲೋಸರ್ ಸಲ್ಲದು ಎಂಬುದು ಆ ಮಾನಕದ ಮುಖ್ಯ ನಿಬಂಧನೆ.

ತಿಕ್ಕಾಟ ಇಲ್ಲಿಂದಲೇ ಶುರುವಾಗುತ್ತದೆ. 3ನೇ ಸಂಖ್ಯೆಯ ಕ್ಲೋಸರ್ ತೆರೆಯಲು ಗರಿಷ್ಠ 47 ನ್ಯೂಟನ್ ಮೀಟರ್ ತಿರುಚು ಬಲ ಬೇಕಾಗಬಹುದೆಂದು ಮಾನಕ ಒಪ್ಪುತ್ತದೆ. ಕೀಲಿನಿಂದ ಹಿಡಿಕೆಗೆ ಸುಮಾರು 88 ಸೆಂಟಿಮೀಟರ್ ದೂರವಿದ್ದರೆ, ಕೈಯಿಂದ ಹಾಕಬೇಕಾದ ಬಲ ಸುಮಾರು 53 ನ್ಯೂಟನ್. ಎಂದರೆ ಸುಮಾರು ಐದೂವರೆ ಕಿಲೋ ತೂಕವನ್ನೆತ್ತಿದಷ್ಟು ಶ್ರಮ. ಬ್ರಿಟನ್ನಿನ ಸುಗಮ್ಯತಾ ನಿಯಮಗಳಂತೆ ಬಾಗಿಲಿನ ಮೊದಲ 30 ಡಿಗ್ರಿಯಲ್ಲಿ ಈ ಬಲ 30 ನ್ಯೂಟನ್ ಮೀರಬಾರದು. 30ರಿಂದ 60 ಡಿಗ್ರಿಯವರೆಗೆ 22.5 ನ್ಯೂಟನ್ ಮೀರಬಾರದು. ಅಮೆರಿಕದಲ್ಲಿ ಒಳಾಂಗಣದ ಸಾಮಾನ್ಯ ಬಾಗಿಲಿಗೆ ಸುಮಾರು 22 ನ್ಯೂಟನ್ ಮಿತಿಯಿದೆ. ಬೆಂಕಿ ನಿರೋಧಕ ಬಾಗಿಲಿಗೆ ಈ ಮಿತಿಯಿಂದ ವಿನಾಯಿತಿ ಇದೆ. ಅಂದರೆ ಮಾನಕದ ಗರಿಷ್ಠ ಮಿತಿಯಲ್ಲಿರುವ ಕ್ಲೋಸರ್, ಗಾಲಿಕುರ್ಚಿಯಲ್ಲಿ ಕುಳಿತವರು ತೆರೆಯಬಲ್ಲ ಬಲದ ಸುಮಾರು ಎರಡು ಪಟ್ಟನ್ನು ಕೇಳುತ್ತದೆ.

ಎತ್ತರದ ಕಟ್ಟಡಗಳಲ್ಲಿ ಇನ್ನೊಂದು ತೊಡಕಿದೆ. ಹೊಗೆ ನುಗ್ಗದಂತೆ ಮೆಟ್ಟಿಲಿನೊಳಗೆ ಫ್ಯಾನ್‌ಗಳಿಂದ ಗಾಳಿ ತುಂಬುವ ವ್ಯವಸ್ಥೆ ಇರುತ್ತದೆ. ಇದರ ಒತ್ತಡ 50 ಪ್ಯಾಸ್ಕಲ್ ಎಂದಿಟ್ಟುಕೊಂಡರೆ, 1 ಮೀಟರ್ ಅಗಲ, 2 ಮೀಟರ್ ಎತ್ತರದ ಕದದ ಮೇಲೆ 100 ನ್ಯೂಟನ್ ಬಲ ಬೀಳುತ್ತದೆ. ಹಿಡಿಕೆಯ ಬಳಿ ಅದರ ಅರ್ಧದಷ್ಟು, ಸುಮಾರು 50 ನ್ಯೂಟನ್, ಹೆಚ್ಚುವರಿಯಾಗಿ ಬೇಕಾಗುತ್ತದೆ. ಬೆಂಕಿಯ ಹೊತ್ತಿನಲ್ಲಿ ಕ್ಲೋಸರಿನ ಬಲವೂ ಗಾಳಿಯ ಒತ್ತಡವೂ ಸೇರಿ ದುರ್ಬಲರ ಪಾಲಿಗೆ ಬಾಗಿಲು ಗೋಡೆಯೇ ಆಗಬಹುದು. ಆದುದರಿಂದ ಅಣಕು ಪ್ರದರ್ಶನದ ವೇಳೆ ಫ್ಯಾನ್ ಚಾಲನೆಯಲ್ಲಿಟ್ಟುಕೊಂಡೇ ಬಾಗಿಲನ್ನು ತೆರೆದು ನೋಡುವುದು ಅವಶ್ಯ.

ಪರಿಹಾರಗಳಿವೆ

ಮೊದಲನೆಯದು ಕ್ಯಾಮ್ ಮಾದರಿಯ ಕ್ಲೋಸರ್. ಇದರಲ್ಲಿ ಹಲ್ಲುಗಾಲಿಯ ಬದಲು ಮೊಟ್ಟೆಯಾಕಾರದ ತಿರುಗುಭಾಗವಿರುತ್ತದೆ. ತೆರೆಯಲು ಆರಂಭಿಸಿದ ಕೂಡಲೇ ವಿರೋಧ ಕಡಿಮೆಯಾಗುತ್ತದೆ. ಮುಚ್ಚುವ ಕೊನೆಯ ಹಂತದಲ್ಲಿ ಬಲ ಮತ್ತೆ ಹೆಚ್ಚುತ್ತದೆ. ಬೆಲೆ ಸಾಮಾನ್ಯ ಮಾದರಿಗಿಂತ ಹೆಚ್ಚಾದರೂ ಎರಡೂ ಅಗತ್ಯಗಳನ್ನು ಒಂದೇ ಸಾಧನದಲ್ಲಿ ಸಮೀಪಿಸುವುದು ಇದೇ.

ಎರಡನೆಯದು ವಿದ್ಯುತ್ ಅಯಸ್ಕಾಂತದ ಹಿಡಿತ. ಗೋಡೆಗೆ ಕೂರಿಸಿದ ಅಯಸ್ಕಾಂತ ದಿನವಿಡೀ ಬಾಗಿಲನ್ನು ತೆರೆದಿಡುತ್ತದೆ. ಬೆಂಕಿ ಎಚ್ಚರಿಕೆ ಗಂಟೆ ಮೊಳಗಿದೊಡನೆ ಅಥವಾ ವಿದ್ಯುತ್ ಕಡಿತವಾದೊಡನೆ ಹಿಡಿತ ಸಡಿಲಿ, ಕ್ಲೋಸರ್ ಬಾಗಿಲನ್ನು ಮುಚ್ಚುತ್ತದೆ. ಜನಸಂಚಾರ ಹೆಚ್ಚಿರುವ ಮೊಗಸಾಲೆಗಳಿಗೆ ಇದೇ ಸೂಕ್ತ. ಪದೇ ಪದೇ ವಿದ್ಯುತ್ ಹೋಗುವ ಊರುಗಳಲ್ಲಿ ಪ್ರತಿ ಸಲವೂ ಬಾಗಿಲು ಮುಚ್ಚಿಕೊಳ್ಳುವುದು ಕಿರಿಕಿರಿಯೆನಿಸಬಹುದು. ಅದಕ್ಕೆ ಬ್ಯಾಟರಿ ಆಧಾರದ ವಿದ್ಯುತ್ ಕೊಡಬಹುದು. ಆದರೆ ಗಂಟೆ ಮೊಳಗಿದಾಗ ಹಿಡಿತ ಬಿಟ್ಟೇ ಬಿಡುವಂತೆ ಜೋಡಣೆ ಇರಬೇಕು. ತೋಳಿನಲ್ಲಿಯೇ ಕೊಕ್ಕೆಯಿದ್ದು, 90 ಡಿಗ್ರಿಯಲ್ಲಿ ಬಾಗಿಲನ್ನು ಶಾಶ್ವತವಾಗಿ ಹಿಡಿದು ನಿಲ್ಲಿಸುವ ಅಗ್ಗದ ಕ್ಲೋಸರ್‌ಗಳು ಬೆಂಕಿ ನಿರೋಧಕ ಬಾಗಿಲಿಗೆ ಖಂಡಿತ ಕೂಡದು.

ಮೂರನೆಯದು ಗುಂಡಿ ಒತ್ತಿದರೆ ತೆರೆಯುವ ಸ್ವಯಂಚಾಲಿತ ಬಾಗಿಲು. ಮುಖ್ಯ ಪ್ರವೇಶದ್ವಾರ, ವಿಕಲಚೇತನರ ಶೌಚಾಲಯಗಳಿಗೆ ಇದು ಅತ್ಯುತ್ತಮ. ವೆಚ್ಚ ಹೆಚ್ಚಾದುದರಿಂದ ಎಲ್ಲೆಡೆ ಅಳವಡಿಸಲಾಗದು.

ಇವಾವುದೂ ಸಾಧ್ಯವಿಲ್ಲದಿದ್ದರೆ, ಇರುವ ಕ್ಲೋಸರನ್ನೇ ಸರಿಯಾಗಿ ಹೊಂದಿಸಿದರೂ ಬಹಳಷ್ಟು ಸುಧಾರಣೆ ಸಾಧ್ಯ. 90 ಡಿಗ್ರಿ ತೆರೆದ ಬಾಗಿಲು 12 ಡಿಗ್ರಿಗೆ ಬರಲು ಕನಿಷ್ಠ 5 ಸೆಕೆಂಡು ತೆಗೆದುಕೊಳ್ಳಬೇಕೆಂದು ಅಮೆರಿಕದ ಸುಗಮ್ಯತಾ ಮಾನದಂಡ ಹೇಳುತ್ತದೆ. ಊರುಗೋಲಿನವರು ದಾಟಲು ಇಷ್ಟಾದರೂ ಬೇಕು. ಕೀಲುಗಳಿಗೆ ಎಣ್ಣೆ ಹಾಕುವುದು, ನೆಲಕ್ಕೆ ಉಜ್ಜುವ ಕದವನ್ನು ಸರಿಪಡಿಸುವುದು ಇವು ಸ್ಪ್ರಿಂಗಿನ ಬಲ ಹೆಚ್ಚಿಸುವುದಕ್ಕಿಂತ ಮೊದಲಿನ ಕೆಲಸಗಳು.

ಎಲ್ಲಿಗೆ ಯಾವುದು?

ಆಸ್ಪತ್ರೆ: ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ 2011ರ ಡಿಸೆಂಬರ್ 9ರಂದು ನೆಲಮಾಳಿಗೆಯಿಂದೆದ್ದ ಹೊಗೆಗೆ ಸುಮಾರು 90 ಮಂದಿ ಬಲಿಯಾದರು. ಅವರಲ್ಲಿ ಹೆಚ್ಚಿನವರು ಹಾಸಿಗೆ ಬಿಟ್ಟೇಳಲಾಗದ ರೋಗಿಗಳು. ಆಸ್ಪತ್ರೆಗಳಲ್ಲಿ ರೋಗಿಗಳನ್ನು ಕೆಳಕ್ಕಿಳಿಸುವುದಕ್ಕಿಂತ ಮೊದಲು ಅದೇ ಅಂತಸ್ತಿನ ಮತ್ತೊಂದು ಭಾಗಕ್ಕೆ ಸಾಗಿಸಿ ನಡುವಿನ ಬಾಗಿಲು ಮುಚ್ಚುವುದೇ ಕ್ರಮ. ಮಂಚ ಸಾಗುವ ಮೊಗಸಾಲೆಯ ಜೋಡಿ ಕದಗಳಿಗೆ ಅಯಸ್ಕಾಂತದ ಹಿಡಿತವೇ ಇರಬೇಕು. ಯಾವ ಕದ ಮೊದಲು ಮುಚ್ಚಬೇಕೆಂದು ಕ್ರಮಪಡಿಸುವ ಸಾಧನವೂ ಅಗತ್ಯ. ಇಲ್ಲವಾದರೆ ಕದಗಳು ಒಂದರ ಮೇಲೊಂದು ಕೂತು ಸಂದಿ ಉಳಿಯುತ್ತದೆ.

ವಸತಿ ಸಮುಚ್ಚಯ: ಮೆಟ್ಟಿಲಿನ ಬಾಗಿಲಿಗೆ ಕ್ಯಾಮ್ ಮಾದರಿ ಉತ್ತಮ. ಲಿಫ್ಟ್ ಕೆಟ್ಟಾಗ ಹಿರಿಯರೂ ಮಕ್ಕಳೂ ಬಳಸುವುದು ಇದೇ ಬಾಗಿಲನ್ನು.

ವಿದ್ಯಾರ್ಥಿನಿಲಯ, ವಸತಿಗೃಹ, ಯಾತ್ರಿನಿವಾಸ: ಕಟ್ಟಡದ ಪರಿಚಯವಿಲ್ಲದವರು ರಾತ್ರಿ ಮಲಗುವ ತಾಣಗಳಿವು. ಕೋಣೆಯ ಬಾಗಿಲೂ ತಾನಾಗಿ ಮುಚ್ಚಿಕೊಳ್ಳುವಂತಿರಬೇಕು. ಹಂಪಿ, ಆನೆಗೊಂದಿ, ಹುಲಿಗಿಗಳಿಗೆ ಬರುವ ಪ್ರವಾಸಿಗರು, ಭಕ್ತರಲ್ಲಿ ವೃದ್ಧರೂ ಇರುತ್ತಾರೆ ಎಂಬುದನ್ನು ಈ ಭಾಗದ ವಸತಿಗೃಹಗಳ ಮಾಲೀಕರು ಮರೆಯಬಾರದು.

ಕಚೇರಿ, ಬ್ಯಾಂಕು: ಮುಂಬಾಗಿಲಿನ ಗಾಜಿನ ಕದಕ್ಕೆ ಫ್ಲೋರ್ ಸ್ಪ್ರಿಂಗ್ ಸಾಮಾನ್ಯ. ಅದು ಬೆಂಕಿ ನಿರೋಧಕ ಬಾಗಿಲಲ್ಲವಾದರೆ ಬಲವನ್ನು ಸಾಧ್ಯವಾದಷ್ಟು ತಗ್ಗಿಸಬಹುದು.

ಕೊಳ್ಳುವವರಿಗೆ, ನೋಡಿಕೊಳ್ಳುವವರಿಗೆ

ಅಂಗಡಿಗೆ ಹೋಗುವ ಮುನ್ನ ಕದದ ಅಗಲ, ತೂಕ, ತೆರೆಯುವ ದಿಕ್ಕು ಇವನ್ನು ಬರೆದುಕೊಂಡು ಹೋಗಬೇಕು. ಡಬ್ಬಿಯ ಮೇಲೆ ಮಾನಕದ ಗುರುತು, ಬಲದ ಸಂಖ್ಯೆ, ಬೆಂಕಿ ನಿರೋಧಕ ಬಾಗಿಲಿಗೆ ಯೋಗ್ಯವೆಂಬ ಪ್ರಮಾಣಪತ್ರ ಇವೆಯೇ ಎಂದು ಕೇಳಬೇಕು. ಬಲವನ್ನು ಹೆಚ್ಚು ಕಡಿಮೆ ಮಾಡಬಲ್ಲ, ಉದಾಹರಣೆಗೆ 2ರಿಂದ 4ರವರೆಗೆ ಹೊಂದಿಸಬಲ್ಲ, ಮಾದರಿ ಲೇಸು. ಬೆಂಕಿ ನಿರೋಧಕ ಬಾಗಿಲಿನಲ್ಲಿ ಅದನ್ನು 3ಕ್ಕಿಂತ ಕೆಳಗಿಳಿಸಬಾರದು. ಕದಕ್ಕೆ ಸಮಾನಾಂತರವಾಗಿ ತೋಳು ಕೂರಿಸಿದರೆ ಮುಚ್ಚುವ ಬಲ ಗಣನೀಯವಾಗಿ ಕುಗ್ಗುತ್ತದೆ. ಆದ್ದರಿಂದ ಬಡಗಿಯ ಅನುಕೂಲಕ್ಕಿಂತ ತಯಾರಕರ ನಕ್ಷೆಯನ್ನೇ ಅನುಸರಿಸಬೇಕು.

ಅಳವಡಿಸಿದ ಬಳಿಕ ಎರಡು ಪರೀಕ್ಷೆಗಳನ್ನು ಯಾರು ಬೇಕಾದರೂ ಮಾಡಬಹುದು. ಬಾಗಿಲನ್ನು ಪೂರ್ತಿ, ಅರ್ಧ, ಒಂದು ಗೇಣು ಹೀಗೆ ಮೂರು ಅಳತೆಯಲ್ಲಿ ತೆರೆದು ಕೈಬಿಡಿ. ಮೂರೂ ಸಲ ಚಿಲಕ ಕಚ್ಚಿಕೊಳ್ಳುವವರೆಗೆ ಮುಚ್ಚಬೇಕು. ಆಮೇಲೆ ಪ್ರಯಾಣದ ಚೀಲ ತೂಗುವ ಕೊಕ್ಕೆಯ ತಕ್ಕಡಿಯನ್ನು ಹಿಡಿಕೆಗೆ ಸಿಕ್ಕಿಸಿ, ಚಿಲಕ ಬಿಡಿಸಿ ನಿಧಾನವಾಗಿ ಎಳೆಯಿರಿ. 3 ಕಿಲೋ ಒಳಗಿದ್ದರೆ ಹೆಚ್ಚಿನವರು ತೆರೆಯಬಲ್ಲರು. 5 ಕಿಲೋ ದಾಟಿದರೆ ಹೊಂದಾಣಿಕೆ ಅಥವಾ ಬದಲಾವಣೆ ಬೇಕು. ಡಬ್ಬಿಯಿಂದ ಎಣ್ಣೆ ಜಿನುಗುತ್ತಿದ್ದರೆ ರಿಪೇರಿಗೆ ಕಾಯದೆ ಕ್ಲೋಸರನ್ನೇ ಬದಲಿಸಬೇಕು. ಈ ಪರೀಕ್ಷೆ ಮೂರು ತಿಂಗಳಿಗೊಮ್ಮೆ ನಡೆದು, ದಿನಾಂಕ ಸಹಿತ ಪುಸ್ತಕದಲ್ಲಿ ದಾಖಲಾಗುವುದು ಒಳ್ಳೆಯದು.

ಮೆಟ್ಟಿಲಿನ ಬಾಗಿಲಿಗೆ ಇಟ್ಟಿಗೆ, ಮರದ ಬೆಣೆ, ಕೆಲವೊಮ್ಮೆ ಬೆಂಕಿ ಆರಿಸುವ ಸಿಲಿಂಡರನ್ನೇ ಅಡ್ಡವಿಟ್ಟಿರುವುದು ನಮ್ಮ ನಗರಗಳಲ್ಲಿ ಅಪರೂಪದ ನೋಟವಲ್ಲ. ಅದನ್ನು ಕಂಡೊಡನೆ ಕಾವಲುಗಾರನನ್ನೋ ಕಸಗುಡಿಸುವವರನ್ನೋ ಗದರುವುದು ವಾಡಿಕೆ. ಆದರೆ ತಳ್ಳುಗಾಡಿ, ನೀರಿನ ಕ್ಯಾನು, ಮಗು ಹೊತ್ತವರು ದಿನಕ್ಕೆ ಹತ್ತಾರು ಬಾರಿ ತೆರೆಯಲಾಗದ ಬಾಗಿಲಿನ ಮೇಲೆ ಕೊಟ್ಟ ದೂರು ಅದು. ಇಟ್ಟಿಗೆಯನ್ನು ತೆಗೆಸಲೇಬೇಕು. ಜೊತೆಗೆ, ಕಟ್ಟಡದ ಕಾರ್ಯದರ್ಶಿಯೋ ಎಂಜಿನಿಯರೋ ಆ ಕದವನ್ನು ಒಂದೇ ಕೈಯಲ್ಲಿ ಒಮ್ಮೆ ಎಳೆದು ನೋಡಬೇಕು. ಹೊಂದಾಣಿಕೆಗೆ ಬೇಕಾದದ್ದು ಒಂದು ಸ್ಕ್ರೂಡ್ರೈವರ್ ಮತ್ತು ಹತ್ತು ನಿಮಿಷ.